ಚುಕ್ಕೆಯ ಮುಂದಿನ ಅಂಕಿ

ಗೊಮ್ಮಟೇಶ ಚೌಗಲೆಯ ಮಾನ ನಡುಬೀದಿಗೆ ಬರಲು ಕಾರಣವಾದದ್ದು ಒಂದು ಚುಕ್ಕೆ, ಮತ್ತು ಆ ಚುಕ್ಕೆಯ ಮುಂದೆ ಅವನು ದಿನಾ ತಪ್ಪದೆ ಬರೆಯುತ್ತಿದ್ದ ಒಂದೇ ಒಂದು ಅಂಕಿ. ಮೂವತ್ತೊಂಬತ್ತು ಡಿಗ್ರಿ ಎಂದು ಬರೆದು ಸುಮ್ಮನಿದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಗೊಮ್ಮಟೇಶ ಅಂಥ ಮನುಷ್ಯನಲ್ಲ. ಮೂವತ್ತೊಂಬತ್ತು ಪಾಯಿಂಟ್ ನಾಲ್ಕು ಇದ್ದರೆ ಆ ನಾಲ್ಕನ್ನೂ ಬರೆಯಬೇಕು, ಬಿಟ್ಟರೆ ಸುಳ್ಳು ಹೇಳಿದ ಪಾಪ ಬರುತ್ತದೆ ಎಂದು ನಂಬಿದವನು.

ಗೋಕಾಕದ ಬಜಾರದಲ್ಲಿ ಅವನದು ಭಾಂಡೆ ಅಂಗಡಿ. ಸ್ಟೀಲಿನ ಡಬ್ಬಿ, ಹಿತ್ತಾಳೆ ಹಂಡೆ, ಮದುವೆ ಮನೆಯವರು ಒಯ್ಯುವ ದೊಡ್ಡ ಪಾತೇಲಿ, ಎಲ್ಲ ಇದ್ದವು. ಹೊಟ್ಟೆ ತುಂಬುತ್ತಿದ್ದುದು ಅಂಗಡಿಯಿಂದ. ಜೀವ ಮಾತ್ರ ಮನೆಯ ಮಾಳಿಗೆಯ ಮೇಲೆ ಮೊಳೆಗೆ ತೂಗುಹಾಕಿದ್ದ ಉಷ್ಣಮಾಪಕದಲ್ಲಿತ್ತು. ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಾಳಿಗೆ ಹತ್ತಿ, ಒಂದು ಕಣ್ಣು ಮುಚ್ಚಿ ಪಾದರಸ ಎಲ್ಲಿ ನಿಂತಿದೆ ಎಂದು ನೋಡುವುದು, ಹಿಂದಿನ ಓಣಿಯ ಕಿಶೋರನ ಸೈಬರ್ ಕೆಫೆಗೆ ಓಡುವುದು, 'ಗೋಕಾಕ ಹವಾ' ಎಂಬ ತನ್ನ ವೆಬ್‌ಸೈಟಿಗೆ ಆ ಅಂಕಿಯನ್ನು ಏರಿಸುವುದು. ಮುಂಜಾನೆ 24.3, ಮಧ್ಯಾಹ್ನ 39.4. ಅಷ್ಟೇ. ಸೈಟಿನಲ್ಲಿ ಬೇರೆ ಹುಲ್ಲುಕಡ್ಡಿಯೂ ಇರಲಿಲ್ಲ.

ಮೊದಮೊದಲು ಅದನ್ನು ನೋಡುತ್ತಿದ್ದವರು ಇಬ್ಬರೇ, ಗೊಮ್ಮಟೇಶ ಮತ್ತು ಕಿಶೋರ. ಕಿಶೋರನೂ ಚಹಾ ಕುಡಿಸಿದರೆ ಮಾತ್ರ. ಆದರೆ ಆ ವರ್ಷ, ಅಂದರೆ ಎರಡು ಸಾವಿರದ ಏಳರಲ್ಲಿ, ಸಂಕ್ರಾಂತಿ ಕಳೆಯಿತೋ ಇಲ್ಲವೋ, ಅದೇನು ಗಾಳಿ ಬೀಸಿತೋ, ಜನ ಮುಗಿಬಿದ್ದರು. ಮೂಡಲಗಿಯಿಂದ, ಹುಕ್ಕೇರಿಯಿಂದ, ಸಂಕೇಶ್ವರದಿಂದ, ಕಡೆಗೆ ಕೊಲ್ಲಾಪುರದಿಂದಲೂ ನೋಡತೊಡಗಿದರು. ನೋಡಿ ಸುಮ್ಮನೆ ಹೋಗುತ್ತಿರಲಿಲ್ಲ; ಅಭಿಪ್ರಾಯದ ಪುಟದಲ್ಲಿ "ನಾಳೆ ಮಧ್ಯಾಹ್ನ ಏಳು, ಪಕ್ಕಾ" ಎಂದು ಬರೆಯುತ್ತಿದ್ದರು. ಇನ್ನೊಬ್ಬ "ಏಳಲ್ಲ, ಎರಡು" ಎನ್ನುತ್ತಿದ್ದ. ನಮ್ಮ ಸೀಮೆಯ ಜನರಿಗೆ ಹವಾಮಾನದ ಮೇಲೆ ಇಷ್ಟು ಪ್ರೀತಿಯೇ ಎಂದು ಗೊಮ್ಮಟೇಶ ಬೀಗುತ್ತಿದ್ದ. ಒಬ್ಬೊಬ್ಬರಿಗೂ ಕೈಯಾರೆ ಉತ್ತರ ಬರೆಯುತ್ತಿದ್ದ: "ತಮ್ಮ ಅಂದಾಜು ಬಹಳ ಸಮೀಪವಿತ್ತು. ಪ್ರಯತ್ನ ಬಿಡಬೇಡಿರಿ."

ಜನ ಸೇರಿದ ಮೇಲೆ ಜಾಹೀರಾತು ಬರದೇ ಇರುತ್ತದೆಯೇ? ಕಿಶೋರನೇ ಯಾವುದೋ ದೂರದೇಶದ ಜಾಹೀರಾತು ಕಂಪನಿಗೆ ಅರ್ಜಿ ಹಾಕಿ, ಪುಟದ ನೆತ್ತಿಯ ಮೇಲೆ ಫ್ಯಾನು, ಕೂಲರು, ತಲೆಗೆ ಹಚ್ಚುವ ಎಣ್ಣೆಯ ಚಿತ್ರಗಳು ಬರುವಂತೆ ಮಾಡಿದ್ದ. ಸಾವಿರಾರು ಮೈಲಿ ಆಚೆಯ ಕಂಪನಿ ತನ್ನ ಮಾಳಿಗೆಯನ್ನು ಗುರುತಿಸಿತಲ್ಲ ಎಂದು ಗೊಮ್ಮಟೇಶ ತಿಂಗಳುಗಟ್ಟಲೆ ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ.

ಏಪ್ರಿಲ್ ತಿಂಗಳ ಆ ಮುಂಜಾನೆ ಅವನ ಮನೆಯಲ್ಲಿ ಹಬ್ಬದ ಗದ್ದಲ. ವಿಹಾರ ಮಾಡುತ್ತಾ ಬಂದ ಮುನಿಸಂಘ ಗೋಕಾಕದ ಬಸದಿಯಲ್ಲಿ ತಂಗಿತ್ತು. ಮರುದಿನ ಮುನಿಗಳಿಗೆ ಆಹಾರದಾನ ಮಾಡಲು ಚೌಕಾ ಹಾಕುವ, ಎಂದರೆ ಶುದ್ಧ ಅಡಿಗೆ ಮಾಡಿ ಬಾಗಿಲಲ್ಲಿ ಕಲಶ ಹಿಡಿದು ನಿಲ್ಲುವ ಸರದಿ ಅವರದು. ಅವನ ಹೆಂಡತಿ ಸರಿತಾ ಮದುವೆಯಾಗಿ ಬಂದಾಗಿನಿಂದ ಈ ದಿನಕ್ಕಾಗಿ ಕಾದಿದ್ದಳು. ಒಂದು ಸಲ ಬಾಣಂತನ ಅಡ್ಡ ಬಂತು, ಒಂದು ಸಲ ಸೂತಕ, ಇನ್ನೊಂದು ಸಲ ಸಂಘವೇ ಬೇರೆ ದಾರಿ ಹಿಡಿದು ಹೋಯಿತು. ಈ ಸಲ ಎಲ್ಲ ಕೂಡಿ ಬಂದು, ಅವಳ ತಾಯಿ ಪದ್ಮವ್ವ ಹುಕ್ಕೇರಿಯಿಂದ ಕೈಯಲ್ಲೇ ಬೀಸಿದ ಹಿಟ್ಟು ಹೊತ್ತು ಬಂದಿಳಿದಿದ್ದಳು.

ಒಂದೇ ಕಟ್ಟುನಿಟ್ಟು. ಕಲಶ ಹಿಡಿಯುವ ಗಂಡ-ಹೆಂಡತಿ ಸಪ್ತವ್ಯಸನಗಳಿಂದ ದೂರವಿರಬೇಕು. ಆ ಏಳರಲ್ಲಿ ಮೊದಲನೆಯದೇ ಜೂಜು. ಬಸದಿ ಕಮಿಟಿಯ ಹಿರಿಯರು ಅಣ್ಣಾಸಾಹೇಬರು ಪ್ರತಿಯೊಬ್ಬ ಯಜಮಾನನನ್ನೂ ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತಿದ್ದರು. ಗೊಮ್ಮಟೇಶನನ್ನು ಮಾತ್ರ ಕೇಳಿರಲಿಲ್ಲ. "ನಿನ್ನ ಕೇಳೂದೇನೈತೋ? ಸುಳ್ಳ ಹೇಳಾಕೂ ಬರದಿದ್ದ ಮನಶ್ಯಾ," ಎಂದು ನಕ್ಕು ಕಳಿಸಿದ್ದರು.

ಗೊಮ್ಮಟೇಶ ಮುಂಜಾನೆಯ ಅಂಕಿಯನ್ನು ಬಾಯಲ್ಲಿ ಗುನುಗುತ್ತಾ ಕೆಫೆಗೆ ಹೋದ. ಕಿಶೋರ ಎದ್ದು ತಾನೇ ಕುರ್ಚಿ ಎಳೆದ. ಹಾಗೆ ಅವನು ಎಂದೂ ಎಳೆದವನಲ್ಲ.

"ಕೂಡ್ರಿ ಅಣ್ಣಾರ. ಮೊದಲ ಕೂಡ್ರಿ."

"ಯಾಕೋ? ಕರೆಂಟ್ ಹೋತೇನು?"

"ಕರೆಂಟ್ ಐತ್ರಿ. ನಿಮ್ಮ ಜಾಹೀರಾತು ಹೋಗ್ಯಾವ. ಕಂಪನಿಯಿಂದ ಮೇಲ್ ಬಂದೈತಿ."

ಪುಟದ ನೆತ್ತಿ ಬೋಳಾಗಿತ್ತು. ಕಿಶೋರ ಇಂಗ್ಲಿಷ್ ಮೇಲನ್ನು ಮನಸ್ಸಿನಲ್ಲಿ ಓದಿ, ಗಂಟಲು ಸರಿಮಾಡಿಕೊಂಡು ಕನ್ನಡದಲ್ಲಿ ಹೇಳಿದ: "ನಿಮ್ಮ ಸೈಟ್ ಜೂಜಿಗೆ ಸಂಬಂಧಪಟ್ಟದ್ದು ಐತಿ. ನಮ್ಮ ನಿಯಮದ ಪ್ರಕಾರ ಜೂಜಿನ ಸೈಟಿನ್ಯಾಗ ಜಾಹೀರಾತು ಹಾಕಾಕ ಬರೂದಿಲ್ಲ. ಅದಕ್ಕ ಬಂದ್ ಮಾಡೀವಿ."

ಗೊಮ್ಮಟೇಶ ಮತ್ತೊಮ್ಮೆ ಪರದೆ ನೋಡಿದ. ಅವನಿಗೆ ಮೊದಲು ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಯಾರದೋ ಮೇಲ್ ತನಗೆ ತಪ್ಪಿ ಬಂದಿದೆ ಎನಿಸಿತು.

"ಜೂಜು? ನಾನು? ಲೇ ಕಿಶೋರಾ, ನಾ ಇಸ್ಪೀಟ್ ಎಲಿ ಕೈಲೆ ಮುಟ್ಟಿಲ್ಲೋ! ದೀಪಾವಳಿಗೆ ಮಂದಿ ಆಡಾಕತ್ತಿದ್ರ ನಾ ಆ ಓಣ್ಯಾಗ ಕಾಲ ಇಡೂದಿಲ್ಲ! ಇದು ಉಷ್ಣಾ ಹೇಳೂ ಸೈಟ್ ಅಂತ ಅವರಿಗೆ ಹೇಳಬೇಕಿಲ್ಲ?"

"ನಿಯಮದಾಗ ಬರದಾರ್ರಿ. ಕ್ಯಾಸಿನೋ ಇರಬಾರದು, ಲಾಟರಿ ನಂಬರ್ ಇರಬಾರದು, ಜೂಜು ಆಡೂವರಿಗೆ ಅನುಕೂಲ ಆಗೂವಂಥಾದ್ದು ಏನೂ ಇರಬಾರದು."

"ಇದರಾಗ ಉಷ್ಣಾ ಎಲ್ಲಿ ಬಂತು?"

ಕಿಶೋರ ತನ್ನ ಕಾಲಬೆರಳನ್ನೇ ನೋಡತೊಡಗಿದ. ಕೆಫೆಯಲ್ಲಿ ಮರದ ಹಲಗೆಗಳ ಆಚೆ ಕುಳಿತಿದ್ದವರೆಲ್ಲ ಟೈಪ್ ಮಾಡುವುದನ್ನು ನಿಲ್ಲಿಸಿದ್ದರು. ಅಷ್ಟರಲ್ಲಿ ಪಕ್ಕದ ಚಹಾದಂಗಡಿಯ ಮಾಳಪ್ಪ ಕಪ್ಪು-ಬಸಿ ಹಿಡಿದು ಒಳಗೆ ಬಂದ. ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು.

"ಸಾಹುಕಾರ್ರ, ಖರೇನ ನಿಮಗ ಗೊತ್ತಿಲ್ಲೇನ್ರಿ?" ಎಂದ ಮಾಳಪ್ಪ. ಅವನ ಮುಖದ ಮೇಲೂ ಬೆರಗಿತ್ತು. "ಗೊತ್ತಿಲ್ದ ಇಷ್ಟ ದಿನಾ ನಡಸಿದ್ರಿ?"

"ಏನ್ ನಡಸಿದೆ ನಾ?"

"ಓಪನ್-ಕ್ಲೋಸ್ ರಿ! ಮುಂಜಾನಿ ಪಾಯಿಂಟಿನ ಮುಂದಿನ ಅಂಕಿ ಓಪನ್, ಮಧ್ಯಾಹ್ನದ್ದು ಕ್ಲೋಸ್. ಕುಲಗೋಡದಾಗ ರೊಕ್ಕಾ ಹಚ್ಚತಾರ, ಮೇಲವಂಕ್ಯಾಗ ಹಚ್ಚತಾರ, ಮೂಡಲಗಿ ಸಂತ್ಯಾಗಂತೂ ಕೇಳಬ್ಯಾಡ್ರಿ. ಎಲ್ಲಾರೂ ನಿಮ್ಮ ಅಂಕಿ ಮ್ಯಾಲ ಆಡಾಕತ್ತಾರ."

ಮಾಳಪ್ಪ ಕೊಟ್ಟ ಬಸಿಯನ್ನು ಗೊಮ್ಮಟೇಶ ಮೇಜಿನ ಮೇಲೆ ಕುಕ್ಕಿದ.

"ನನ್ನ ಅಂಕಿ? ನನ್ನ ಅಂಕಿನ ಯಾಕ? ಮಟಕಾ ಇತ್ತಲ್ಲೋ ಮಾರಾಯಾ, ಮುಂಬಯಿ ಅಂಕಿ ಇತ್ತಲ್ಲ!"

"ಮುಂಬಯಿ ಅಂಕಿ ಯಾರ ನಂಬತಾರ್ರಿ? ಅಲ್ಲಿ ಕೂತಂವ ತನಗ ಬೇಕಾದ್ದು ತಗೀತಾನ. ನೀವು ಹಂಗಲ್ಲ. ಸತ್ತರೂ ಸುಳ್ಳ ಬರಿಯೂದಿಲ್ಲ ಅಂತ ಸಂಕೇಶ್ವರ ತನಕಾ ಹೆಸರೈತಿ. ನಿಮ್ಮ ನಿಯತ್ತಿನ ಮ್ಯಾಲ ಇಡೀ ಧಂದೆ ನಿಂತೈತ್ರಿ."

ಇಷ್ಟು ದೊಡ್ಡ ಹೊಗಳಿಕೆಯನ್ನು ಗೊಮ್ಮಟೇಶ ಜನ್ಮದಲ್ಲಿ ಕೇಳಿರಲಿಲ್ಲ. ಅಭಿಪ್ರಾಯದ ಪುಟ ತೆರೆಸಿ ನೋಡಿದ. "ನಾಳೆ ಏಳು ಪಕ್ಕಾ." ಅದರ ಕೆಳಗೆ ಅವನದೇ ಉತ್ತರ: "ಪ್ರಯತ್ನ ಬಿಡಬೇಡಿರಿ." ಇಂಥವು ಪುಟಗಟ್ಟಲೆ ಇದ್ದವು. ಜೂಜಾಡುವ ಊರಿಗೆ ಊರೇ ಎದುರು ನಿಂತಾಗ ಬೆನ್ನು ತಟ್ಟಿ ಕಳಿಸಿದ್ದ ಮಹಾನುಭಾವ ತಾನೇ. ಕಂಪನಿಯವರು ಇದನ್ನು ಓದಿಸಿಕೊಂಡಿದ್ದರೆ ಅವರ ತಪ್ಪೇನು? ನಾಳಿನ ಚೌಕಾ ನೆನಪಾಯಿತು. ಚಹಾ ಅಲ್ಲೇ ಬಿಟ್ಟು ಮನೆಗೆ ಓಡಿದ.

ಉಷ್ಣಮಾಪಕವನ್ನು ಮೊದಲು ಕಿತ್ತು ಒಳಗಿಡಬೇಕು ಎಂದು ನೇರ ಮಾಳಿಗೆ ಹತ್ತಿದರೆ, ಅಲ್ಲಿ ಪಕ್ಕದ ಮನೆಯ ಕಾಡವ್ವ. ಎರಡೂ ಮನೆಗಳ ಮಾಳಿಗೆಗೆ ನಡುವೆ ಮೊಳಕಾಲುದ್ದದ ಗೋಡೆ. ಕಾಡವ್ವ ಅದನ್ನು ದಾಟಿ ಬಂದು, ಉಷ್ಣಮಾಪಕದ ಪಕ್ಕದ ಹಗ್ಗಕ್ಕೆ ನೀರು ತೊಟ್ಟಿಕ್ಕುವ ಸೀರೆ ಹರವುತ್ತಿದ್ದಳು.

"ಕಾಡವ್ವಾ! ಏನ್ ಮಾಡಾಕತ್ತಿ?"

ಕಾಡವ್ವ ಬೆಚ್ಚಿ ತಿರುಗಿದಳು. ಕೈಯಲ್ಲಿ ಇನ್ನೊಂದು ಒದ್ದೆ ಸೀರೆ. "ಸೀರಿ ಒಣಾ ಹಾಕಾಕತ್ತೀನೋ ಯಪ್ಪಾ. ನಿಮ್ಮ ಮಾಳಗಿ ಮ್ಯಾಲ ಬಿಸಿಲು ಚಲೋ ಬೀಳತೈತಿ."

"ಮೂರ ತಿಂಗಳಿಂದ ನಮ್ಮ ಮಾಳಗಿ ಮ್ಯಾಲ ಯಾಕ ಒಣಾ ಹಾಕತಿ? ನಿಮ್ಮ ಮಾಳಗಿಗೆ ಸೂರ್ಯಾ ಬರೂದಿಲ್ಲೇನು?"

ಸಿಕ್ಕಿಬಿದ್ದವಳು ಅಂಜಲಿಲ್ಲ, ಸಿಟ್ಟಾದಳು. "ನಾ ಒಬ್ಬಾಕಿ ಏನ್ ಮಾಡೀನಿ? ಆ ಕಡಿ ಮನಿ ಶೆಟ್ಟೆಪ್ಪ ದಿನಾ ಮಧ್ಯಾಹ್ನ ಗ್ವಾಡಿ ಬಾಜೂಕ ಕಬ್ಬಿಣದ ವಲಿ ಹಚ್ಚತಾನ, ಅದು ಕಾಣೂದಿಲ್ಲ ನಿನಗ! ಅಂವಾ ವಲಿ ಹಚ್ಚಿದ್ರ ನಾ ಸೀರಿ ಹಾಕಲ್ದ ಏನ್ ಮಾಡಲಿ? ಇವತ್ತ ಎರಡಕ್ಕ ಹಚ್ಚೀನೋ ಯಪ್ಪಾ, ಏನೂ ಅನ್ನಬ್ಯಾಡ. ತಂಪಿಗೆ ಉಷ್ಣಾ ಇನ್ನೊಂದೀಟ ಇಳಿದ್ರ ಎರಡ ಆಕ್ಕೈತಿ."

ಗೊಮ್ಮಟೇಶ ತಲೆ ಹಿಡಿದುಕೊಂಡು ಮಾಳಿಗೆಯ ಮೇಲೆ ಕುಕ್ಕರಿಸಿದ. ಪಾದರಸದ ಒಂದೊಂದು ಗೆರೆಯನ್ನು ಅವನು ದೇವರ ಮಾತೆಂದು ಬರೆದುಕೊಂಡಿದ್ದ. ಈಗ ನೋಡಿದರೆ ಅದು ಒಂದು ಬದಿಗೆ ಕಾಡವ್ವನ ಸೀರೆ, ಇನ್ನೊಂದು ಬದಿಗೆ ಶೆಟ್ಟೆಪ್ಪನ ಒಲೆ. ಗೋಕಾಕದ ಹವೆ ಅದರಲ್ಲಿ ಎಷ್ಟಿತ್ತೋ ಆ ಜಿನೇಶ್ವರನೇ ಬಲ್ಲ.

ಕಾಡವ್ವನ ದನಿ ದೊಡ್ಡದು. ಮೆಟ್ಟಿಲ ಬಳಿ ಬೇಳೆ ಆರಿಸುತ್ತಿದ್ದ ಸರಿತಾ ಎಲ್ಲವನ್ನೂ ಕೇಳಿದ್ದಳು. ಗೊಮ್ಮಟೇಶ ಇಳಿದು ಬಂದಾಗ ಅವಳ ಮಡಿಲಿನ ಮೊರ ಹಾಗೇ ಇತ್ತು, ಕೈ ಮಾತ್ರ ಆಡುತ್ತಿರಲಿಲ್ಲ.

"ಖರೆ ಏನ್ರಿ?"

ಇಲ್ಲ ಎನ್ನಲು ಬಾಯಿ ತೆರೆದ. ಬರಲಿಲ್ಲ. "ನನಗ ಗೊತ್ತಿರಲಿಲ್ಲ ಸರಿತಾ," ಎಂದ.

"ನಿಮಗ ಗೊತ್ತಿರಲಿಲ್ಲ ಅಂತ ನನಗ ಗೊತ್ತೈತಿ. ಮಂದಿಗೆ ಹ್ಯಾಂಗ ಗೊತ್ತಾಕ್ಕೈತಿ?" ಅವಳು ಮೊರವನ್ನು ಕೆಳಗಿಟ್ಟಳು. "ನಾಳಿ ಕಲಶಾ ಯಾವ ಕೈಲೆ ಹಿಡೀಲಿ ನಾ? ಅಣ್ಣಾಸಾಹೇಬ್ ಕಾಕಾನ ಕಿವಿಗೆ ಬಿದ್ರ?"

ಅಣ್ಣಾಸಾಹೇಬರ ಕಿವಿಗೆ ಅದು ಆಗಲೇ ಬಿದ್ದಾಗಿತ್ತು. ಕೆಫೆಯಲ್ಲಿ ಹಲಗೆಯ ಆಚೆ ಕುಳಿತಿದ್ದವರು ಸುಮ್ಮನೆ ಮನೆಗೆ ಹೋಗುವ ಜನರೇ? ಸರಿತಾ ಕಣ್ಣೊರೆಸಿಕೊಳ್ಳುವುದರೊಳಗೆ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಬಿಳಿ ಧೋತರ, ಬಿಳಿ ಟೋಪಿ, ಬಿಳಿ ಮೀಸೆ, ಮುಖವೊಂದು ಕೆಂಪು. ಅಣ್ಣಾಸಾಹೇಬರು ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಅದನ್ನು ಕಂಡೇ ಪದ್ಮವ್ವ ಅಡಿಗೆ ಮನೆಯಲ್ಲಿ ಹಿಟ್ಟಿನ ಡಬ್ಬಿಗೆ ಮುಚ್ಚಳ ಹಾಕಿದಳು.

"ಗೊಮ್ಮಟೇಶಾ, ಕೇಳಿದ್ದು ಖರೆ ಏನು? ಯಾವದೋ ಪರದೇಶದ ಕಂಪನಿ ನಿನ್ನ ಜೂಜುಕೋರ ಅಂತ ಬರದ ಕಳಸೇತಂತ?"

"ಕಾಕಾ, ನಾ ಬರೇ ಉಷ್ಣಾ ಬರದೀನ್ರಿ. ಮಂದಿ ಅದರ ಮ್ಯಾಲ ಆಡಿದ್ರ ನಾ ಏನ್ ಮಾಡಲಿ?"

"ಮನಿ ನಿಂದು, ಮಾಳಗಿ ನಿಂದು, ಅಂಕಿ ನಿಂದು. ಆಡಿದವ್ರು ಬ್ಯಾರೆ ಅಂದ್ರ ಆಡಿಸಿದಂವಗ ಪಾಪ ಇಲ್ಲೇನು?" ಅಣ್ಣಾಸಾಹೇಬರು ಕೋಲು ಕುಟ್ಟಿದರು. ಆಮೇಲೆ ಸರಿತಾಳ ಮುಖ ನೋಡಿ ಸ್ವಲ್ಪ ಮೆತ್ತಗಾದರು. "ನಾ ಕಂಪ್ಯೂಟರ್ ಓದಿದಂವ ಅಲ್ಲ. ಯಾವದು ಜೂಜು, ಯಾವದು ಅಲ್ಲ ಅಂತ ಆ ಕಂಪನಿಯವರ ನಿಯಮದಾಗ ಇರತೈತಿ. ಜೂಜು ಅಂತ ಅವರ ಅಂದಾರ. ಅಲ್ಲ ಅಂತಾನೂ ಅವರ ಹೇಳಲಿ. ಹೊತ್ತ ಮುಳಗೂದರೊಳಗ ಅವರ ಮಾತು ತಂದ ತೋರಸು, ಚೌಕಾ ನಿಂದ. ಇಲ್ಲಾಂದ್ರ ಸರದಿ ಬ್ಯಾರೆಯವರಿಗೆ ಹೋಕ್ಕೈತಿ."

ಅವರು ಹೋದರು. ಸರಿತಾ ಗಂಡನನ್ನು ನೋಡಿದಳು. "ಹೋಗ್ರಿ," ಎಂದಳು. "ಏನರ ಮಾಡ್ರಿ, ಆ ಕಂಪನಿ ಕಾಲರ ಬೀಳ್ರಿ."

ಗೊಮ್ಮಟೇಶ ಉಷ್ಣಮಾಪಕವನ್ನು ಮೊಳೆಯಿಂದ ಬಿಡಿಸಿ, ಟವೆಲಿನಲ್ಲಿ ಸುತ್ತಿ, ಬಗಲಲ್ಲಿ ಹಿಡಿದು ಹೊರಬಿದ್ದ. ಆದರೆ ಬಜಾರ ದಾಟುವುದು ಸುಲಭವಿರಲಿಲ್ಲ. ಮುಂಜಾನೆಯ ಅಂಕಿ ಸೈಟಿಗೆ ಏರಿರಲಿಲ್ಲ, ಮಧ್ಯಾಹ್ನದ ಹೊತ್ತು ಮೀರುತ್ತಿತ್ತು. ಕುಲಗೋಡದ ಬಸ್ಸಿನಲ್ಲಿ ಬಂದವರು, ಮೇಲವಂಕಿಯಿಂದ ಮೋಟರ್ ಸೈಕಲ್ಲಿನಲ್ಲಿ ಬಂದವರು, ಎಲ್ಲರೂ ಅವನ ಭಾಂಡೆ ಅಂಗಡಿಯ ಮುಂದೆ ನೆರೆದಿದ್ದರು. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಒಬ್ಬೊಬ್ಬರೂ ಒಂದೊಂದು ಪಾತ್ರೆ ಎತ್ತಿ ನೋಡುತ್ತಿದ್ದರು. ವರ್ಷಗಟ್ಟಲೆ ಮಾರಾಟವಾಗದ ಹಂಡೆಯನ್ನೂ ಒಬ್ಬ ತಬ್ಬಿಕೊಂಡು ನಿಂತಿದ್ದ.

"ಸಾಹುಕಾರ್ರು ಬಂದ್ರು, ಬಂದ್ರು!"

"ಓಪನ್ ಏನ್ ಬಂತ್ರಿ?"

"ಇವತ್ತ ಅಂಕಿ ಇಲ್ಲ!" ಎಂದು ಗೊಮ್ಮಟೇಶ ಕಿರುಚಿದ. "ಇನ್ನ ಮ್ಯಾಲ ಎಂದೂ ಇಲ್ಲ! ಬಿಸಿಲೈತಿ, ಸೆಕಿ ಐತಿ, ಅಷ್ಟ ತಿಳಕೋರಿ. ಮೂವತ್ತೊಂಬತ್ತೋ ನಲವತ್ತೋ ನನಗ ಗೊತ್ತಿಲ್ಲ!"

"ನಲವತ್ತು ಅಂದ್ರ ಪಾಯಿಂಟಿನ ಮುಂದ ಸೊನ್ನಿ ಬಂತಲ್ರಿ!" ಎಂದು ಹಿಂದಿನಿಂದ ಒಬ್ಬ ಕುಣಿದ. ಅವನು ಸೊನ್ನೆಗೆ ಹಚ್ಚಿದವನು. "ಎಲ್ಲಾರೂ ಕೇಳೀರಿ! ಸಾಹುಕಾರ್ರ ಬಾಯಿಲೆ ಬಂದೈತಿ!"

"ಮೂವತ್ತೊಂಬತ್ತೂ ಅಂದಾರಲೇ!"

"ಅದಕ್ಕೂ ಮುಂದ ಸೊನ್ನಿನ ಐತೆಲೇ!"

ಎಳೆದಾಟ ಶುರುವಾಯಿತು. ಯಾರೋ ಯಾರನ್ನೋ ನೂಕಿದರು, ನೂಕಿಸಿಕೊಂಡವನು ಹಂಡೆಯ ಸಮೇತ ಗೊಮ್ಮಟೇಶನ ಮೇಲೆ ಬಿದ್ದ. ಟವೆಲಿನೊಳಗೆ ಟಕ್ಕೆಂದು ಸದ್ದಾಯಿತು. ಬಿಡಿಸಿ ನೋಡಿದರೆ ಗಾಜು ಚೂರು, ಪಾದರಸ ಕಲ್ಲುಹಾಸಿನ ಮೇಲೆ ಬೆಳ್ಳಿಯ ಕಾಳುಗಳಾಗಿ ಓಡಾಡುತ್ತಿತ್ತು. ಹನ್ನೆರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ವಸ್ತು. ಗೊಮ್ಮಟೇಶ ಬಾಗಿ ಒಂದು ಕಾಳನ್ನು ಹಿಡಿಯಲು ಹೋದ, ಅದು ಜಾರಿತು.

ಮಾಳಪ್ಪ ಮೆಲ್ಲಗೆ ಹತ್ತಿರ ಬಂದ. ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣಲ್ಲೂ ನೀರಿತ್ತು.

"ಹೋಗ್ಲಿ ಬಿಡ್ರಿ ಸಾಹುಕಾರ್ರ, ಆದದ್ದಾತು," ಎಂದು ನಿಟ್ಟುಸಿರಿಟ್ಟು ಕಿವಿಯಲ್ಲಿ ಕೇಳಿದ, "ಒಡಿಯೂಕ ಮೊದಲ ಎಷ್ಟ ಇತ್ತು?"

ಗೊಮ್ಮಟೇಶ ಅವನನ್ನು ಕೊಡವಿ ಕೆಫೆಗೆ ಓಡಿದ. ಒಳಗೆ ಹೋದವನೇ ಬಾಗಿಲಿಗೆ ಅಡ್ಡ ಕುರ್ಚಿ ಇಟ್ಟ. "ಎಲ್ಲಾ ತಗಿ ಕಿಶೋರಾ. ಒಂದ ಅಂಕಿ ಉಳಿಯಬಾರದು. ಮಂದಿ ಬರಿಯೂ ಪುಟಾನೂ ಅಳಸು. ತಾರೀಖು ಸುದ್ದಾ ಬ್ಯಾಡ, ಅದರಾಗೂ ಅಂಕಿ ಇರತೈತಿ!"

ಕಿಶೋರ ಅಳಿಸಿದ. ಒಂದೊಂದು ದಿನದ ಅಂಕಿ ಹೋಗುವಾಗಲೂ ಗೊಮ್ಮಟೇಶ ಕಣ್ಣು ಮುಚ್ಚಿ ತೆರೆದ. ಮೂರು ಬೇಸಿಗೆ, ಮೂರು ಮಳೆಗಾಲ, ಮೂರು ಚಳಿಗಾಲ ಹೋದವು. ಕೊನೆಗೆ ಪುಟದಲ್ಲಿ ಉಳಿದದ್ದು ಒಂದೇ ಸಾಲು: ಗೋಕಾಕದಲ್ಲಿ ಇಂದು ಬಿಸಿಲು ಜೋರಾಗಿದೆ. ಕಿಶೋರ ಕಂಪನಿಗೆ ಇಂಗ್ಲಿಷಿನಲ್ಲಿ ಒಂದು ಮನವಿ ಬರೆದ. ನಮ್ಮಲ್ಲಿ ಜೂಜಿಲ್ಲ, ಜೂಜಿಗೆ ಅನುಕೂಲವಾಗುವ ಅಂಕಿಯೂ ಇಲ್ಲ, ದಯಮಾಡಿ ಇನ್ನೊಮ್ಮೆ ನೋಡಿರಿ. ಗೊಮ್ಮಟೇಶ ಹೇಳಿಕೊಟ್ಟಂತೆ ಕೊನೆಗೆ "ನನ್ನ ಹೆಂಡತಿ ಬಹಳ ಒಳ್ಳೆಯವಳು" ಎಂದೂ ಸೇರಿಸಿದ.

"ಅವರ ಯಾವಾಗ ಓದತಾರು?"

"ಅಲ್ಲಿ ಮನಶ್ಯಾರ ಓದೂದಿಲ್ರಿ. ಯಂತ್ರ ಓದತೈತಿ, ಯಂತ್ರ ಉತ್ತರಾ ಕೊಡತೈತಿ. ಬಂದ್ರ ಲಗೂನ ಬರತೈತಿ."

ಯಂತ್ರಕ್ಕೆ ಕರುಣೆ ಇರುತ್ತದೆಯೇ ಎಂದು ಕೇಳುವ ಧೈರ್ಯ ಗೊಮ್ಮಟೇಶನಿಗೆ ಆಗಲಿಲ್ಲ. ಕುಳಿತ. ಎದ್ದ. ಕಿಟಕಿಯಿಂದ ಬಿಸಿಲು ಇಳಿಯುವುದನ್ನು ನೋಡಿದ. ಹೊರಗೆ ಜನ ಕರಗಿರಲಿಲ್ಲ. ಅಂಕಿ ಬರಲಿಲ್ಲವೆಂದು ಮಾಳಪ್ಪನ ಚಹಾದಂಗಡಿಯ ಮುಂದೆ ಮುಖ ಇಳಿಬಿಟ್ಟು ಕುಳಿತಿದ್ದರು. ತಡೆಯಲಾರದೆ ಸರಿತಾಳೂ ಬಂದು ತಲೆ ಮೇಲೆ ಸೆರಗು ಹೊದ್ದು ಕೆಫೆಯ ಕಟ್ಟೆಯ ಮೇಲೆ ನಿಂತಳು. ಬಿಸಿಲು ಎದುರಿನ ಮಾಳಿಗೆಯ ಅಂಚಿಗೆ ಬಂದಿರುವಾಗ ಕಿಶೋರ ಹಾರಿ ಎದ್ದ.

"ಬಂತ್ರಿ! ಅಣ್ಣಾರ, ಬಂತು! ನಿಮ್ಮ ಸೈಟ್ ನೋಡೀವಿ, ಜೂಜಿಗೆ ಸಂಬಂಧಪಟ್ಟದ್ದು ಏನೂ ಇಲ್ಲ, ನಿಯಮದ ಪ್ರಕಾರ ಸರಿ ಐತಿ, ಜಾಹೀರಾತು ಚಾಲೂ ಮಾಡೀವಿ ಅಂತ ಬರದಾರ!"

ಪುಟದ ನೆತ್ತಿಯ ಮೇಲೆ ಫ್ಯಾನು ಗಿರ್ರನೆ ತಿರುಗತೊಡಗಿತ್ತು. ಗೊಮ್ಮಟೇಶ ಕಿಶೋರನನ್ನು ತಬ್ಬಿಕೊಂಡು ಗಳಗಳ ಅತ್ತುಬಿಟ್ಟ. ಅಣ್ಣಾಸಾಹೇಬರಿಗೆ ಹೇಳಿ ಕಳಿಸುವ ಅಗತ್ಯವೇ ಬೀಳಲಿಲ್ಲ. ಅವರೇ ಹೊತ್ತು ನೋಡಿಕೊಂಡು ಕೋಲೂರುತ್ತಾ ಬಂದರು. ಕುರ್ಚಿ ಸರಿಸಿ ಅವರನ್ನು ಒಳಗೆ ಬಿಟ್ಟರೆ, ಅವರ ಹಿಂದೆಯೇ ಮಂದಿ ಬಾಗಿಲಿಗೆ ಮುತ್ತಿತು.

ಅಣ್ಣಾಸಾಹೇಬರು ಕನ್ನಡಕ ಏರಿಸಿ ಮೇಲನ್ನು ಎರಡೆರಡು ಸಲ ಹೇಳಿಸಿಕೊಂಡರು. ಆಮೇಲೆ ಸೈಟನ್ನು ನೋಡಿದರು.

"ಅಂಕಿ ಎಲ್ಲಿ?"

"ತಗದೀವ್ರಿ ಕಾಕಾ."

"ಉಷ್ಣಾ?"

"ಒಡದ ಹೋತ್ರಿ."

"ಹಂಗಾದ್ರ ಮ್ಯಾಲ ಇದೇನು ತಿರಗಾಕತ್ತೈತಿ?"

"ಫ್ಯಾನ್ ರಿ. ಜಾಹೀರಾತು. ಜೂಜಿನ ಸೈಟ್ ಆಗಿದ್ರ ಇದನ್ನ ಹಾಕೂದ ಇಲ್ಲ ಅವರು."

ಅಣ್ಣಾಸಾಹೇಬರು ಮೀಸೆಯೊಳಗೆ ನಕ್ಕರು. "ಆತು. ನಿಯಮಾ ಮಾಡಿದವ್ರ ಸ್ವಚ್ಛ ಅಂದ ಮ್ಯಾಲ ನಂದೇನೈತಿ? ನಾಳಿ ಚೌಕಾ ನಿಂದ. ಸರಿತವ್ವಾ, ನಡಿ, ಅಡಗಿ ತಯಾರಿ ಮಾಡ ಹೋಗು."

ಸರಿತಾ ಕಟ್ಟೆಯ ಮೇಲೆಯೇ ಕೈಮುಗಿದಳು. ಅವಳ ಮುಖದ ಬೆಳಕು ನೋಡಿ ಗೊಮ್ಮಟೇಶನಿಗೆ ಮುಂಜಾನೆಯಿಂದ ಪಟ್ಟದ್ದೆಲ್ಲ ಮರೆತುಹೋಯಿತು. ಅಣ್ಣಾಸಾಹೇಬರು ಅಷ್ಟಕ್ಕೇ ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅವರು ಜೀವನದಲ್ಲಿ ಮೊದಲ ಸಲ ಕಂಪ್ಯೂಟರಿನ ಮುಂದೆ ಕುಳಿತಿದ್ದರು.

"ಕಿಶೋರಾ, ಮತ್ತೊಮ್ಮೆ ತಗಿ ನೋಡೂಣು... ಅರೇ, ಈಗ ಫ್ಯಾನ್ ಹೋಗಿ ಕೂಲರ್ ಬಂತಲ್ಲೋ?"

"ಪ್ರತಿ ಸಲ ತಗದಾಗ ಬ್ಯಾರೆ ಬರತೈತ್ರಿ ಕಾಕಾ. ಫ್ಯಾನ್, ಕೂಲರ್, ತಲಿಗೆ ಹಚ್ಚೂ ಎಣ್ಣಿ, ಸೊಳ್ಳಿ ಬತ್ತಿ. ಯಾವಾಗ ಯಾವದು ಬರತೈತಿ ಅಂತ ನಮ್ಮ ಕೈಯಾಗ ಇಲ್ರಿ. ಯಾರ ಕೈಯಾಗೂ ಇಲ್ಲ, ಆ ಯಂತ್ರಕ್ಕ ಅಷ್ಟ ಗೊತ್ತು."

ಬಾಗಿಲಲ್ಲಿ ಗುಜುಗುಜು ಎನ್ನುತ್ತಿದ್ದ ಮಂದಿ ಒಮ್ಮೆಲೇ ಗಪ್ಪಾಯಿತು.

ಅಣ್ಣಾಸಾಹೇಬರಿಗೆ ಅದರ ಪರಿವೆ ಇರಲಿಲ್ಲ. ಹೊಸ ಆಟಿಕೆ ಸಿಕ್ಕ ಕೂಸಿನಂತೆ ಮುಂದಕ್ಕೆ ಬಾಗಿದರು. "ಈಗ ಸೊಳ್ಳಿ ಬತ್ತಿ ಬರತೈತಿ ನೋಡು. ತಗಿ." ಕಿಶೋರ ಗುಂಡಿ ಒತ್ತಿದ. ಸೊಳ್ಳೆ ಬತ್ತಿಯೇ ಬಂತು! ಅಣ್ಣಾಸಾಹೇಬರು ತೊಡೆ ತಟ್ಟಿಕೊಂಡು ನಕ್ಕರು. ಬಾಗಿಲಲ್ಲಿ ಪಿಸುಪಿಸು ಓಡಾಡಿತು, ಯಾರೋ ಮೊಬೈಲಿನಲ್ಲಿ ಮೂಡಲಗಿಗೆ ಮೆಲ್ಲಗೆ ಏನೋ ಹೇಳಿದರು.

"ಈಗ ಎಣ್ಣಿ!" ಎಂದರು ಅಣ್ಣಾಸಾಹೇಬರು.

ಪುಟ ಬೆಳ್ಳಗಾಯಿತು, ತಡವರಿಸಿತು, ಆಮೇಲೆ ನೆತ್ತಿಯ ಮೇಲೆ ಹಸಿರು ಎಣ್ಣೆಯ ಬಾಟಲಿ ಮೆಲ್ಲಗೆ ಇಳಿಯಿತು.

ಹೊರಗೆ ಗೋಕಾಕದ ಬಜಾರವೇ ಕಿತ್ತುಹೋಗುವ ಹಾಗೆ ಕೇಕೆ ಎದ್ದಿತು. ಟೋಪಿಗಳು ಗಾಳಿಯಲ್ಲಿ ಹಾರಿದವು. ಮಾಳಪ್ಪ ಮಂದಿಯನ್ನು ಸೀಳಿಕೊಂಡು ಒಳಗೆ ಬಂದು, ಅಣ್ಣಾಸಾಹೇಬರ ಪಾದ ಮುಟ್ಟಿ, ಅವರ ಅಂಗೈ ಬಿಡಿಸಿ ಅದರೊಳಗೆ ನೋಟಿನ ಸುರುಳಿ ಇಟ್ಟು ಮುಚ್ಚಿದ.

"ಏನೋ ಇದು?"

"ಎಣ್ಣಿ ಮ್ಯಾಲ ಎಲ್ಲಾರೂ ನಿಮ್ಮ ಹೆಸರಿಲೆ ಹಚ್ಚಿದ್ರು ಕಾಕಾ. ಇದು ನಿಮ್ಮ ಪಾಲು. ಮುಂದಿಂದು ಏನಂತ ಮೂಡಲಗಿಯವರ ಕೇಳಾಕತ್ತಾರ, ಹೇಳಿ ಬಿಡ್ರಿ."

ಅಣ್ಣಾಸಾಹೇಬರು ಅಂಗೈಯನ್ನು ಬಿಡಿಸಿ ನೋಡಿದರು. ಅರ್ಥವಾಗುತ್ತಾ ಹೋದಂತೆ ಮುಖ ಅವರ ಧೋತರಕ್ಕಿಂತ ಬಿಳಿಯಾಯಿತು. ಊರಿನ ಯಜಮಾನರನ್ನೆಲ್ಲ ಎದುರಿಗೆ ನಿಲ್ಲಿಸಿ ಜೂಜಾಡುತ್ತೀಯಾ ಎಂದು ಕೇಳಿದವರ ಕೈ ಅದು. ನೋಟುಗಳು ಕೆಂಡದ ಹಾಗೆ ನೆಲಕ್ಕೆ ಬಿದ್ದವು.

"ಗೊಮ್ಮಟೇಶಾ!" ಅವರ ದನಿ ಒಡೆಯಿತು. "ನನ್ನ ಕೈಲೆ... ನನ್ನ ಬಾಯಿಲೆ... ಜೂಜಾಡಿಸಿದಿ?"

"ನಾ ಏನೂ ಮಾಡಿಲ್ರಿ ಕಾಕಾ! ಅಂಕಿ ಇಲ್ಲ, ಉಷ್ಣಾ ಇಲ್ಲ, ಕಂಪನಿಯವರ ನಿಯಮದಾಗ ಎಲ್ಲಾ ಸರಿ ಐತಿ, ನೀವ ನೋಡೀರಿ!"

"ಆ ನಿಯಮಾ ಅವರಿಗಿರಲಿ! ನಾ ನಾಳಿಂದ ಉಪಾಸ ಇದ್ದು ಪ್ರಾಯಶ್ಚಿತ್ತ ಮಾಡಕೋಬೇಕು. ನಿನ್ನ ಮನಿ ಬಾಗಲಾಗ ಕಲಶಾ ಹಿಡಿಯೂದ ಬ್ಯಾಡ, ಚೌಕಾ ಬ್ಯಾರೆಯವರು ಹಾಕತಾರ!"

ಅವರು ಕೋಲನ್ನೂ ಮರೆತು ಹೊರಟುಹೋದರು. ಕಟ್ಟೆಯ ಮೇಲೆ ಸರಿತಾ ನಿಂತೇ ಇದ್ದಳು. ಗಂಡನನ್ನು ನೋಡಿದಳು, ಸೆರಗನ್ನು ಬಾಯಿಗೊತ್ತಿಕೊಂಡು ಮನೆಯ ದಾರಿ ಹಿಡಿದಳು. ಗೊಮ್ಮಟೇಶ ಅವಳ ಹಿಂದೆ ಹೋಗಲು ಎದ್ದರೆ ಬಾಗಿಲ ತುಂಬ ಮಂದಿ. ಮೇಲವಂಕಿಯವನೊಬ್ಬ "ಫ್ಯಾನಿಗೆ ಹಚ್ಚೀನಿ" ಎಂದು ಕೂಗುತ್ತಿದ್ದ, ಕುಲಗೋಡದವನು ಕೂಲರ್ ಎನ್ನುತ್ತಿದ್ದ. ಹಲಗೆಯ ಆಚೆಯ ಎಲ್ಲಾ ಕಂಪ್ಯೂಟರಿನಲ್ಲೂ 'ಗೋಕಾಕ ಹವಾ' ತೆರೆದಿತ್ತು.

ಅವನು ಮತ್ತೆ ಕುರ್ಚಿಯ ಮೇಲೆ ಕುಸಿದು, ಕೈಯಲ್ಲಿ ಮುಖ ಮುಚ್ಚಿಕೊಂಡ. ಮಾಳಪ್ಪ ನೆಲದ ಮೇಲಿನ ನೋಟುಗಳನ್ನು ಆರಿಸಿಕೊಂಡು ಅವನ ಪಕ್ಕ ಕುಕ್ಕರಿಸಿದ. ಚಹಾ ತುಂಬಿದ ಬಸಿಯನ್ನು ಮುಂದೆ ಹಿಡಿದ.

"ಮನಸಿಗೆ ಹಚ್ಚಕೋಬ್ಯಾಡ್ರಿ ಸಾಹುಕಾರ್ರ," ಎಂದ ಅಕ್ಕರೆಯಿಂದ. "ಖರೆ ಹೇಳಬೇಕಂದ್ರ ಮೊದಲಿನಕಿಂತ ಇದ ಚಲೋ ಆತು. ಉಷ್ಣಾ ದಿನಕ್ಕ ಎರಡ ಸಲ ಇತ್ತು. ಇದು ಹಗಲೆಲ್ಲಾ ಐತಿ."